ತುಂಬಿದ ಲೋಟದ ನಡಿಗೆ

ಕಾಪಿ ಆಗಲೇ ಶವಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಡಲು ಬಾಗಿದ್ದ. ತೀರಿಕೊಂಡ ಅಕ್ಕನ ತಮ್ಮ ಅವನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು.

“ನೀನು ಹೂವು ಹಿಡ್ಕೋಪ್ಪ. ಅದೂ ಕೆಲಸಾನೇ.”

“ಹೂವು ಭಾರ ಇಲ್ಲ,” ಎಂದ ಕಾಪಿ. “ಅಕ್ಕ ಭಾರ. ನಾನು ಹಿಡೀತೀನಿ.”

ಕಾಪಿಗೆ ನಲವತ್ತೆರಡು ವರ್ಷ. ಬೇರೆಯವರು ಒಂದು ದಿನದಲ್ಲಿ ಕಲಿಯುವುದು ಅವನಿಗೆ ಒಂದು ವರ್ಷದ ಕೋರ್ಸು. ಅಂಥ ದೊಡ್ಡವರಿಗೆ ದಿನನಿತ್ಯದ ಕೆಲಸ ಕಲಿಸುವ ಕೇಂದ್ರದಲ್ಲಿ ಅಕ್ಕ ಆಕ್ಯುಪೇಷನಲ್ ಥೆರಪಿಸ್ಟ್ ಆಗಿದ್ದರು. ಅಲ್ಲಿ ಅವನು ಕಾಫಿ ಹಂಚುತ್ತಿದ್ದ, ಬಿಡುವಿನಲ್ಲಿ ಎಲ್ಲರ ದನಿ, ಭಂಗಿ ಕಾಪಿ ಹೊಡೆಯುತ್ತಿದ್ದ. ಹೆಸರು ಎರಡು ಕಡೆಯಿಂದಲೂ ಅಂಟಿಕೊಂಡಿತ್ತು.

ಅಕ್ಕನ ತಮ್ಮ ಕೆಟ್ಟವರಲ್ಲ. ಬಾಗಿಲಿನಿಂದ ಗೇಟಿಗೆ ಐದು ಮೆಟ್ಟಿಲು, ಕಾಪಿಯ ಬಲಗಾಲು ಕುಂಟು. ಅಕ್ಕನನ್ನು ಊರೆದುರಿಗೆ ಬೀಳಿಸಿಬಿಟ್ಟರೆ ಎಂಬ ದಿಗಿಲು, ಅಷ್ಟೆ. ಅದನ್ನು ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ಕಿರಿಯ ಥೆರಪಿಸ್ಟಿನ ಕಿವಿಯಲ್ಲಿ ಹೇಳಿದರು. ಅಂಥ ಹೊತ್ತಿನಲ್ಲೂ ಅವಳಿಗೆ ನಗು ಬಂತು.

“ಸರ್, ಆ ಕುಂಟು ಅವನದಲ್ಲ. ನಿಮ್ಮಕ್ಕಂದು.”

*

ಆರು ತಿಂಗಳು ಅಕ್ಕ ಅವನ ವಿಡಿಯೊ ತೆಗೆದಿದ್ದರು: ಟ್ರೇ ಹಿಡಿದು ಅಡುಗೆಮನೆಯಿಂದ ಊಟದ ಹಾಲಿಗೆ. ಅದನ್ನು ನಿಧಾನವಾಗಿ ಓಡಿಸಿ, ನಿಲ್ಲಿಸಿ, ಮಂಡಿ ಎಷ್ಟು ಬಾಗಿತು, ಸೊಂಟ ಎತ್ತ ವಾಲಿತು ಎಂದು ಅಳೆದು ಬರೆಯುತ್ತಿದ್ದರು. ಬಲಗಾಲನ್ನು ಯಾಕೆ ಎಳೆಯುತ್ತಾನೆ? ಮೂಳೆ ಡಾಕ್ಟರು ಕಾಲಿಗೇನೂ ಆಗಿಲ್ಲ, ಕಲ್ಲುಗುಂಡಿನಂತಿದೆ ಎಂದರು. ನೆಟ್ಟಗೆ ನಡಿ ಎಂದರೆ ನಡೆಯುತ್ತಿದ್ದ. ಆದರೆ ಆಗ ಆರು ಲೋಟದಲ್ಲಿ ಮೂರನ್ನು ನೆಲಕ್ಕೆ ಕುಡಿಸುತ್ತಿದ್ದ.

ಒಂದು ದಿನ ಅಕ್ಕ ಕ್ಯಾಮೆರಾ ಆಫ್ ಮಾಡುವುದನ್ನು ಮರೆತು ಅವನ ಮುಂದೆ ನಡೆದುಹೋದರು. ಸಂಜೆ ಪರದೆಯ ಮೇಲೆ ಇಬ್ಬರೂ ಸಿಕ್ಕಿಬಿದ್ದರು. ಮುಂದೆ ಅಕ್ಕನ ಹುಟ್ಟು ಕುಂಟು; ಹಿಂದೆ ಅದೇ ಎಳೆತ, ಅದೇ ವಾಲು. ಟ್ರೇ ಹಿಡಿಯುವುದನ್ನು ಮೊದಲು ನಡೆದು ತೋರಿಸಿದವರು ಅಕ್ಕನೇ. ಅವನು ಟ್ರೇಯನ್ನಷ್ಟೇ ಅಲ್ಲ, ಅಕ್ಕನನ್ನೇ ಇಡಿಯಾಗಿ ಕಲಿತಿದ್ದ.

“ಆರು ತಿಂಗಳು ನನ್ನ ಕಾಲನ್ನ ನಾನೇ ಅಳೆದಿದ್ದೀನಿ ಕಣೇ,” ಎಂದು ಅಕ್ಕ ಪಕ್ಕದಲ್ಲಿದ್ದ ಕಿರಿಯ ಥೆರಪಿಸ್ಟಿಗೆ ಹೇಳಿ ಕುರ್ಚಿಯಿಂದ ಜಾರುವಷ್ಟು ನಕ್ಕರು. ವರದಿಯ ಕೊನೆಗೆ ಬರೆದರು: ‘ದೋಷ ಮಾದರಿಯದು, ಎಂದರೆ ನನ್ನದು. ಇವನನ್ನು ತಿದ್ದಬೇಡಿ. ಹೀಗೆ ನಡೆದರೆ ಒಂದು ಹನಿಯೂ ಚೆಲ್ಲುವುದಿಲ್ಲ.’

*

ಕಿರಿಯ ಥೆರಪಿಸ್ಟ್ ಆ ವಿಡಿಯೊವನ್ನು ಫೋನಿನಲ್ಲಿ ತೋರಿಸಿದಳು. ತಮ್ಮ ಇನ್ನೊಮ್ಮೆ ಹಾಕಲು ಹೇಳಿದರು. ಎರಡನೆಯ ಸಲ ನೋಡಿದ್ದು ಕಾಪಿಯನ್ನಲ್ಲ. ಆಮೇಲೆ ಮೂಗೊರೆಸಿಕೊಂಡು ಅವನನ್ನು ಕರೆದರು.

“ಬಾರಯ್ಯ. ಚೆಲ್ಲಬೇಡ.”

“ಲೋಟ ನೋಡ್ಬೇಡ, ದಾರಿ ನೋಡು,” ಎಂದ ಕಾಪಿ, ಥೇಟ್ ಅಕ್ಕನ ದನಿಯಲ್ಲಿ. ಹಿಂದೆ ಯಾರೋ ನಕ್ಕು, ಅದನ್ನು ಕೆಮ್ಮು ಮಾಡಿಕೊಂಡರು.

ಮೊದಲ ಮೆಟ್ಟಿಲಿಗೇ ಪೆಟ್ಟಿಗೆ ಜೋಲಿ ಹೊಡೆಯಿತು: ಕಾಪಿಯದು ಒಂದು ತಾಳ, ಉಳಿದ ಮೂವರದು ಇನ್ನೊಂದು. “ಅವನ ಹಾಗೇ ಹೆಜ್ಜೆ ಹಾಕ್ರಪ್ಪ,” ಎಂದರು ತಮ್ಮ ಮೆಲ್ಲಗೆ. ಎರಡನೆಯ ಮೆಟ್ಟಿಲಿಗೆ ನಾಲ್ಕು ಬಲಗಾಲುಗಳು ಒಟ್ಟಿಗೆ ಎಳೆದವು, ನಾಲ್ಕು ಹೆಗಲು ಒಟ್ಟಿಗೆ ವಾಲಿದವು. ಮೇಲಿದ್ದ ಹೂವು ಅಲುಗಲಿಲ್ಲ.

ಗೇಟಿನ ಬಳಿ ಪಕ್ಕದ ಮನೆಯಾಕೆ ವ್ಯಾನಿನವನಿಗೆ ದಾರಿ ಹೇಳುತ್ತಿದ್ದರು. ಬೆನ್ನ ಹಿಂದೆ ಆ ಸದ್ದು ಕೇಳಿಸಿತು: ಒಂದು ಗಟ್ಟಿ ಹೆಜ್ಜೆ, ಒಂದು ಎಳೆತ. ದಿನಾ ಬೆಳಗಿನಂತೆ ಅವರ ಕೈ ಗೇಟಿನ ಚಿಲಕಕ್ಕೆ ಹೋಯಿತು.

“ಹೊರಟ್ರಾ ಅಕ್ಕಾ?” ಎನ್ನುತ್ತ ತಿರುಗಿದರು.