ಹೋದ್ರು ಅಂದರೆ ಎಲ್ಲಿಗೆ?

ಚಳಿಗಾಲ ಮುಗಿಯುವ ಹೊತ್ತಿಗೆ ಆ ದಡದ ಮೇಲೆ ಮೂರ್ನಾಲ್ಕು ದಿನ ಉತ್ತರದ ಗಾಳಿ ಬೀಸುತ್ತದೆ. ಗಾಳಿ ನಿಲ್ಲುವವರೆಗೆ ದೋಣಿಗಳು ನೀರಿಗೆ ಇಳಿಯುವುದಿಲ್ಲ. ಹಾಗೆಂದು ಬೀದಿಯಲ್ಲಿ ಯಾರೂ ಕೈಕಟ್ಟಿ ಕೂರುವುದೂ ಇಲ್ಲ.

ಅಂದು ಗಾಳಿಯ ಮೂರನೇ ದಿನ. ದೋಣಿ ಚಾಲಕನ ಹೆಂಡತಿ ಮನೆ ಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಬಲೆಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುತ್ತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಬಲೆಯ ಸೂಜಿಗಳಿಗೆ ನೈಲಾನ್ ದಾರ ಸುತ್ತಿ ಕೊಡುತ್ತಿದ್ದರು. ಅತ್ತೆಗೆ ಕಣ್ಣು ಮಂಜಾಗಿ ಎರಡು ವರ್ಷ. ಹೆಣೆಯಲು ಆಗುತ್ತಿರಲಿಲ್ಲ, ಆದರೆ ದಾರ ಸುತ್ತುವ ಕೈಗೆ ಕಣ್ಣು ಬೇಕಿರಲಿಲ್ಲ. ಚಾಲಕ ಅಂಗಳದಲ್ಲಿ ಇಂಜಿನ್ನಿನ ಪಂಪು ಬಿಚ್ಚಿ, ಹಳೆಯ ಪೇಪರಿನ ಮೇಲೆ ನಟ್ಟು ಬೋಲ್ಟುಗಳನ್ನು ಸಾಲಾಗಿ ಇಟ್ಟುಕೊಂಡು ಉಜ್ಜುತ್ತಿದ್ದ.

ಅಷ್ಟರಲ್ಲಿ ಪೋಸ್ಟ್ ಅಕ್ಕ ಸೈಕಲ್ಲಿನಿಂದ ಇಳಿದಳು. ಊರಿಗೆಲ್ಲ ಕಾಗದ ಹಂಚುವವಳು ಅವಳೇ. ಎರಡು ತಿಂಗಳಿಂದ ಆ ಬೀದಿಯ ಮತದಾರರ ಪಟ್ಟಿ ನೋಡಿಕೊಳ್ಳುವ ಕೆಲಸವನ್ನೂ ಸರ್ಕಾರ ಅವಳ ತಲೆಗೆ ಕಟ್ಟಿತ್ತು.

"ಕಾಗದ ಬಂತಾ ಅಕ್ಕಾ?"

"ಕಾಗದ ಅಲ್ಲ ತಂಗಿ, ಪಟ್ಟಿ. ನಿಮ್ಮನೇಲಿ ವೋಟು ಇರೋರು ಎಷ್ಟು ಜನ?"

"ಮೂರು."

"ಪಟ್ಟೀಲೂ ಮೂರೇ ಇದೆ."

"ಸರಿಯಾಯ್ತಲ್ಲ."

"ಸರಿಯಾಗಿಲ್ಲ ಕಣೇ." ಪೋಸ್ಟ್ ಅಕ್ಕ ಕಟ್ಟೆಯ ಅಂಚಿಗೆ ಕೂತು ಹಾಳೆ ಬಿಡಿಸಿದಳು. "ನೀನಿದ್ದೀಯ, ದೊಡ್ಡಮ್ಮ ಇದ್ದಾರೆ. ನಿನ್ನ ಗಂಡನ ಹೆಸರಿಗೆ ಗೆರೆ ಎಳೆದಿದ್ದಾರೆ. ಪಕ್ಕದಲ್ಲಿ ಕಾರಣಾನೂ ಬರೆದಿದ್ದಾರೆ. ಮೃತ ಅಂತ."

ಸೂಜಿ ಹಿಡಿದ ಕೈ ಅಲ್ಲೇ ನಿಂತಿತು. ಅಂಗಳದಲ್ಲಿ ಎಣ್ಣೆಗೈಯಲ್ಲಿ ಕೂತಿದ್ದ ಮೃತ ತಲೆ ಎತ್ತಿ, "ಯಾವಾಗ ಸತ್ತೆ ಅಂತಾನೂ ಬರೆದಿದ್ದಾರಾ? ನಂಗೂ ಗೊತ್ತಾಗಲಿ" ಎಂದ.

ಹೆಂಡತಿಗೆ ಮಾತ್ರ ನಗು ಬರಲಿಲ್ಲ. ಅವಳಿಗೆ ಕಳೆದ ಮಳೆಗಾಲ ಮುಗಿದ ಮೇಲೆ ಬಂದಿದ್ದ ಗುಮಾಸ್ತನ ನೆನಪಾಯಿತು. ಗುಡ್ಡದ ಕಡೆಯ ಹುಡುಗ, ಕೈಯಲ್ಲಿ ಇಂಥದ್ದೇ ಹಾಳೆ.

"ಯಜಮಾನರು ಇದ್ದಾರಾ ಅಮ್ಮ?" ಎಂದು ಅವನು ಕೇಳಿದ್ದ.

"ಹೋದ್ರು" ಎಂದಿದ್ದಳು ಇವಳು.

ಆ ಬೀದಿಯಲ್ಲಿ ಹೋದ್ರು ಅಂದರೆ ಕಡಲಿಗೆ ಹೋದರು ಎಂದೇ ಅರ್ಥ. ಕಡಲಿನ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇಕೆ ಎಂದು.

"ಅಯ್ಯೋ ಪಾಪ. ಎಷ್ಟು ದಿನ ಆಯ್ತು?"

"ಮೂರು ದಿನ."

"ಏನಾಗಿತ್ತು?"

"ಏನಾಗತ್ತೆ? ಎಲ್ಲರ ಹಾಗೇ. ಒಟ್ಟಿಗೆ ಏಳು ಜನ ಹೋದ್ರು."

ಹುಡುಗನ ಮುಖ ಸಣ್ಣಗಾಗಿತ್ತು. ಅಭ್ಯಾಸಬಲದಿಂದ "ಬರೋದು ಯಾವಾಗ" ಎಂದು ಶುರು ಮಾಡಿ ನಾಲಿಗೆ ಕಚ್ಚಿಕೊಂಡಿದ್ದ. ಅದಕ್ಕೆ ಇವಳು, "ಅದನ್ನೆಲ್ಲ ಕೇಳಬಾರದಪ್ಪ" ಎಂದಿದ್ದಳು. ಹೋದವರು ಯಾವಾಗ ಬರುತ್ತಾರೆಂದು ಕೇಳಿದರೆ ಆ ಬೀದಿಯಲ್ಲಿ ಯಾರಿಗೂ ಸೇರುವುದಿಲ್ಲ. "ಸಮಾಧಾನ ಮಾಡ್ಕೊಳ್ಳಿ ಅಮ್ಮ" ಎಂದು ಹೇಳಿ, ಕೊಟ್ಟ ನೀರನ್ನೂ ಕುಡಿಯದೆ ಹುಡುಗ ಹೊರಟುಹೋಗಿದ್ದ. ಎಷ್ಟು ಮೆತ್ತನೆ ಮನಸ್ಸಿನ ಗುಮಾಸ್ತ ಎಂದು ಇವಳು ಸಂಜೆ ನೀರಿನ ನಲ್ಲಿಯ ಹತ್ತಿರ ಹೊಗಳಿದ್ದಳು.

ಅವಳು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಪೋಸ್ಟ್ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ನಕ್ಕು ನಕ್ಕು.

"ಅಂತೂ ನನ್ನನ್ನ ಮುಗಿಸಿದೋಳು ನೀನೇ" ಎಂದ ಚಾಲಕ.

"ಬಿಡ್ತು ಅನ್ರೀ! ಬಾಯಿಗೆ ಬಂದಿದ್ದೆಲ್ಲ ಆಡಬೇಡಿ."

"ಇವನೊಬ್ಬನೇ ಅಲ್ಲ" ಎಂದಳು ಪೋಸ್ಟ್ ಅಕ್ಕ. "ದೋಣೀಲಿರೋ ಏಳೂ ಜನ ಒಂದೇ ತಾರೀಖಿಗೆ ಮೃತ. ಏಳು ಮನೆ ಹೆಂಗಸರೂ ಒಂದೇ ಮಾತು ಹೇಳಿದ್ದೀರ. ಪಟ್ಟಿ ಪ್ರಕಾರ ನಿಮ್ಮ ದೋಣಿ ಮುಳುಗಿ ಐದು ತಿಂಗಳಾಯ್ತು ತಮ್ಮ. ಅರ್ಜಿ ಕೊಡೋಕೆ ಇವತ್ತು ಸಂಜೆ ಐದೇ ಕೊನೆ. ನಾಳೆ ಗಾಳಿ ನಿಂತರೆ ನೀನು ಹನ್ನೆರಡು ದಿನ ಸಿಗಲ್ಲ. ಈಗಲೇ ಕೈ ತೊಳ್ಕೊಂಡು ಬಾ."

ಚಾಲಕ ಕೈ ತೊಳೆಯಲಿಲ್ಲ. "ನನ್ನ ಹತ್ರ ಕಾರ್ಡ್ ಇದೆಯಲ್ಲ ಅಕ್ಕ. ಫೋಟೋ ಸಮೇತ. ಅದನ್ನ ತೋರಿಸಿದರಾಯ್ತು."

"ಕಾರ್ಡ್ ಇದ್ದರೆ ಸಾಲದು. ಪಟ್ಟೀಲಿ ಹೆಸರಿರಬೇಕು. ಪಟ್ಟೀಲಿ ಇಲ್ಲ ಅಂದ್ರೆ ನೀನು ಕಾರ್ಡನ್ನ ಹಣೆಗೆ ಅಂಟಿಸಿಕೊಂಡು ಬಂದರೂ ಒಳಗೆ ಬಿಡಲ್ಲ."

"ಹಾಗಾದ್ರೆ ಬಿಡು. ಒಂದು ವೋಟಿಂದ ಏನಾಗತ್ತೆ? ಈ ಕ್ಷೇತ್ರದಲ್ಲಿ ಗುಡ್ಡದೋರು ಲಕ್ಷಗಟ್ಟಲೆ ಇದ್ದಾರೆ. ನಾವು ದಡದ ಮೇಲೆ ಒಂದು ಗೆರೆ ಅಷ್ಟೇ. ಅವರು ಹಾಕಿದೋರು ಗೆಲ್ತಾರೆ. ನಾನು ಬದುಕಿದ್ದರೂ ಅಷ್ಟೆ, ಸತ್ತರೂ ಅಷ್ಟೆ."

ಹೆಂಡತಿ ಬಲೆಯನ್ನು ಮಡಿಲಿನಿಂದ ಕೆಳಗಿಟ್ಟಳು. ಅವಳಿಗೆ ಕ್ಷೇತ್ರದ ಲೆಕ್ಕಾಚಾರ ಬೇಕಿರಲಿಲ್ಲ. ತಾನು ಆಡಿದ ಒಂದು ಮಾತಿಗೆ ಗಂಡನ ಹೆಸರಿನ ಮೇಲೆ ಗೆರೆ ಬಿದ್ದಿದೆ, ಅದನ್ನು ಇವತ್ತೇ ಅಳಿಸಬೇಕು. ನಾಳೆ ಅವನು ದೋಣಿ ಹತ್ತುವಾಗ ಆ ಗೆರೆ ಹಾಗೇ ಇದ್ದರೆ ಹನ್ನೆರಡು ದಿನವೂ ಅವಳಿಗೆ ನಿದ್ದೆ ಬರುವುದಿಲ್ಲ. ಆದರೆ ಅರ್ಜಿಗೆ ಸಹಿ ಹಾಕಬೇಕಾದವನು ಅವನು.

"ಅಕ್ಕಾ, ನೀನೇ ಹೇಳು ಇವರಿಗೆ" ಎಂದಳು.

ಪೋಸ್ಟ್ ಅಕ್ಕ ಕಾಲು ಮಡಚಿ ಸರಿಯಾಗಿ ಕೂತಳು. "ಯಾರಿಗೆ ಹಾಕು ಅಂತ ನಾನು ಹೇಳೋ ಹಾಗಿಲ್ಲ, ಹೇಳೋದೂ ಇಲ್ಲ. ನಡೆದಿದ್ದು ಹೇಳ್ತೀನಿ. ಮೊದಲನೇ ಚುನಾವಣೆಗೆ ಇಲ್ಲಿಗೆ ರಸ್ತೆ ಇರಲಿಲ್ಲ. ಮತದ ಪೆಟ್ಟಿಗೆ ದೋಣೀಲಿ ಬಂತು. ಹುಟ್ಟು ಹಾಕಿದ್ದು ನಮ್ಮಪ್ಪ. ಹೋಗುವಾಗ ಪೆಟ್ಟಿಗೆ ಅರ್ಧಾನೂ ತುಂಬಿರಲಿಲ್ಲ ಅಂತಿದ್ದ. ಯಾಕೆ ಗೊತ್ತಾ?"

"ಯಾಕೆ ಅಂತ ನಾನು ಹೇಳ್ತೀನಿ" ಎಂದರು ಅತ್ತೆ, ದಾರ ಸುತ್ತುವುದನ್ನು ನಿಲ್ಲಿಸದೆ. "ಹೆಂಗಸರು ಹೆಸರು ಹೇಳಲಿಲ್ಲ. ಬರಕೊಳ್ಳೋಕೆ ಬಂದೋನಿಗೆ ನಮ್ಮಮ್ಮ, 'ದೋಣಿಯವನ ಹೆಂಡತಿ ಅಂತ ಬರ್ಕೋ' ಅಂದಳಂತೆ. ಪಕ್ಕದ ಮನೆಯೋಳೂ ಹಾಗೇ ಅಂದಳು. ಇಡೀ ಬೀದಿಗೆ ದೋಣಿಯವನು ಒಬ್ಬನೇ, ಅವನಿಗೆ ನಲವತ್ತು ಹೆಂಡಿರು ಅಂದ್ಕೊಂಡಿರಬೇಕು ಅವನು."

"ಹಾಗೆ ಬರೆಸಿದ ಹೆಸರೆಲ್ಲ ಹೊಡೆದು ಹಾಕಿದ್ರು ದೊಡ್ಡಮ್ಮ. ಎರಡನೇ ಸಲಕ್ಕೆ ಹೆಂಗಸರು ಬುದ್ಧಿ ಕಲಿತು ಹೆಸರು ಹೇಳಿದ್ರು. ಆಮೇಲೆ ಐದನೇ ಚುನಾವಣೆ. ಕಡಲು ಕನ್ನಡಿ ಹಾಗಿತ್ತಂತೆ ಅವತ್ತು. ಮೀನು ಸಿಗೋ ದಿನ. ದಡದ ಇನ್ನೂರು ದೋಣಿ ನೀರಿಗಿಳೀತು. ಸಂಜೆ ಬಂದು ಹಾಕ್ತೀವಿ ಅಂದ್ರು. ಸಂಜೆ ಬಂದಾಗ ಬಾಗಿಲು ಹಾಕಿತ್ತು. ಆ ಸಲ ಗೆದ್ದೋರು ಸೋತೋರ ನಡುವೆ ಇದ್ದಿದ್ದು ಅರವತ್ತಮೂರು ವೋಟು."

ಚಾಲಕ ಉಜ್ಜುತ್ತಿದ್ದ ಬೋಲ್ಟನ್ನು ಕೆಳಗಿಟ್ಟ. "ಅರವತ್ತಮೂರು ಸಾವಿರ ಅಲ್ವಾ?"

"ಅರವತ್ತಮೂರು. ನಿಮ್ಮ ಬೀದಿಯ ಒಂದು ಸಾಲು ಮನೆ. ಗೆದ್ದೋರು ಕೆಟ್ಟೋರು ಅಂತ ನಾನು ಹೇಳಲ್ಲ. ವೋಟು ಎಲ್ಲಿಂದ ಬಂತೋ ಅಲ್ಲಿ ಕೆಲಸ ಮಾಡಿದ್ರು. ಮೀನು ಇಳಿಸೋ ಜೆಟ್ಟಿ ಕಟ್ಟೋ ದುಡ್ಡು ಬಂದಾಗ, ದಡದೋರು ಕೇಳಲೇ ಇಲ್ಲ ಅಂತ ಒಂಬತ್ತು ಮೈಲಿ ಆಚೆ, ಗುಡ್ಡದ ರಸ್ತೆ ಇಳಿಯೋ ಕಡೆ ಕಟ್ಟಿದ್ರು. ನೀನು ಮೀನು ಎಲ್ಲಿ ಇಳಿಸ್ತೀಯ ತಮ್ಮ?"

ಅವನು ಪ್ರತಿ ಸಲವೂ ಡೀಸೆಲ್ ಸುಟ್ಟುಕೊಂಡು ಹೋಗಿ ಇಳಿಸುವುದು ಅಲ್ಲೇ.

"ಅದಾದ ಮೇಲೆ ದಡದೋರು ಸಾಲುಗಟ್ಟಿ ನಿಂತ ವರ್ಷಗಳೂ ಇವೆ. ಬಿರುಗಾಳಿ ಎಚ್ಚರಿಕೆ ಕೊಡೋ ರೇಡಿಯೋ ದೋಣಿದೋಣಿಗೆ ಬಂದಿದ್ದು ಆಗಲೇ. ಆಗ ಗೆದ್ದಿದ್ದು ಬೇರೆ ಪಕ್ಷ, ಸೋತೋರೂ ಮುಂದಿನ ಸಲ ಅದನ್ನೇ ಕೊಡ್ತೀವಿ ಅಂದ್ರು. ಸಾಲು ಉದ್ದ ಇದ್ದ ಕಡೆ ಎಲ್ಲರೂ ನೋಡ್ತಾರೆ, ಅಷ್ಟೆ. ಕಳೆದ ಸಲದ ಅಂತರ ನೂರ ಎಂಬತ್ತು. ಈ ಸಲ ದಡದ ಹನ್ನೊಂದು ಬೂತಿನಲ್ಲಿ ಗೆರೆ ಬಿದ್ದ ಹೆಸರು ಇನ್ನೂರು ಚಿಲ್ಲರೆ."

"ನಾನೊಬ್ಬ ಸೇರಿದರೆ ಇನ್ನೂರಕ್ಕೆ ಒಂದು ಕಮ್ಮಿ. ದೊಡ್ಡ ವಿಷಯ" ಎಂದ ಚಾಲಕ. ಆದರೆ ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಹೆಂಡತಿ ಪಟ್ಟಿಯ ಕಡೆಗೆ ಬಾಗಿದಳು. ಅವಳಿಗೆ ಆಗ ಏನೋ ಹೊಳೆಯಿತು. "ಅಕ್ಕಾ, ಮೂರು ಹೆಸರಿದೆ ಅಂದೆ. ನಾನು, ಅತ್ತೆ. ಇವರಿಲ್ಲ. ಮೂರನೆಯದು ಯಾರದು?"

ಪೋಸ್ಟ್ ಅಕ್ಕ ಮುದುಕಿಯ ಕಡೆ ನೋಡಿ ದನಿ ತಗ್ಗಿಸಿದಳು. "ದೊಡ್ಡಪ್ಪನದು."

ಚಾಲಕನ ಅಪ್ಪ ಹನ್ನೊಂದು ವರ್ಷದ ಹಿಂದೆ ಕಡಲಿಗೆ ಹೋದವರು. ದೋಣಿ ಸಿಕ್ಕಿತ್ತು, ಅವರು ಸಿಗಲಿಲ್ಲ. ಅಂದಿನಿಂದ ಪಟ್ಟಿ ಹಿಡಿದು ಯಾರು ಬಂದರೂ ಅತ್ತೆ ತಾವೇ ಬಾಗಿಲಿಗೆ ಬಂದು, "ಇದ್ದಾರೆ" ಎನ್ನುತ್ತಿದ್ದರು. ಬರೆದುಕೊಳ್ಳುವವರು ಬರೆದುಕೊಂಡು ಹೋಗುತ್ತಿದ್ದರು. ಮನೆಯವರು ಆ ಮಾತನ್ನು ಎತ್ತುತ್ತಿರಲಿಲ್ಲ.

"ಇರಲಿ ಬಿಡಕ್ಕ" ಎಂದ ಚಾಲಕ ಮೆಲ್ಲಗೆ. "ಅದರಿಂದ ಯಾರಿಗೇನು ನಷ್ಟ?"

"ನಷ್ಟ ಇದೆ ತಮ್ಮ. ಕಳೆದ ಸಲ ವೋಟು ಹಾಕಿದೋರಿಗೆ ಗುರುತು ಮಾಡಿರೋ ಪಟ್ಟಿ ಕಚೇರೀಲಿ ನೋಡಿದೆ. ದೊಡ್ಡಪ್ಪನ ವೋಟು ಬಿದ್ದಿದೆ. ಮಧ್ಯಾಹ್ನದ ಮೇಲೆ ಯಾರೋ ಬಂದು, ಆ ಹೆಸರು ನಂದೇ ಅಂತ ಹಾಕಿ ಹೋಗಿದ್ದಾರೆ."

ಅತ್ತೆಯ ಕೈಯಲ್ಲಿ ದಾರ ಸುತ್ತುವ ಶಬ್ದ ನಿಂತಿತು.

"ಬೂತು ಎಲ್ಲಿ?" ಎಂದು ಕೇಳಿದರು.

"ಶಾಲೇಲಿ ದೊಡ್ಡಮ್ಮ. ಇಲ್ಲಿಂದ ಕಾಣತ್ತಲ್ಲ, ಅದೇ."

"ಶಾಲೆವರೆಗೂ ಬಂದೋರು ಮನೆಗೆ ಬರಲಿಲ್ವಾ?"

ಹಗ್ಗದ ಮೇಲೆ ಒಣಗಲು ಹಾಕಿದ್ದ ಬಟ್ಟೆ ಗಾಳಿಗೆ ಪಟಪಟ ಎನ್ನುತ್ತಿತ್ತು. ಸೊಸೆ ಅತ್ತೆಯ ಮಂಡಿಯ ಮೇಲೆ ಕೈಯಿಟ್ಟಳು.

ಅತ್ತೆ ಸೂಜಿಯನ್ನು ಕೆಳಗಿಟ್ಟು, "ಅವರಾಗಿದ್ದರೆ ಮೊದಲು ಮನೆಗೆ ಬರ್ತಿದ್ರು" ಎಂದರು. "ನಾನು ಅವರನ್ನ ಇಟ್ಕೊಂಡಿದ್ದೀನಿ ಅಂದ್ಕೊಂಡಿದ್ದೆ. ಯಾವನೋ ಅವರ ಹೆಸರು ಹಾಕ್ಕೊಂಡು ಓಡಾಡ್ತಿದ್ದಾನೆ. ಬರ್ಕೋ ಮಗಳೇ, ಅವರು ತೀರಿಕೊಂಡ್ರು ಅಂತ. ಕಾಗದ ಎಲ್ಲಿ? ಹೆಬ್ಬೆಟ್ಟು ಎಲ್ಲಿ ಒತ್ತಬೇಕು ತೋರಿಸು."

ಪೋಸ್ಟ್ ಅಕ್ಕ ಚೀಲದಿಂದ ಹೆಸರು ತೆಗೆಯುವ ಅರ್ಜಿ ತೆಗೆದಳು. ಸೊಸೆ ಅತ್ತೆಯ ಬೆರಳನ್ನು ಶಾಯಿಯ ಪ್ಯಾಡಿನ ಮೇಲೆ ಒತ್ತಿ, ಜಾಗಕ್ಕೆ ಹಿಡಿದುಕೊಟ್ಟಳು. ಗುರುತು ಸರಿಯಾಗಿ ಬಿದ್ದಿತು. ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮಗನ ಕಡೆ ತಿರುಗಿದರು.

"ಏನೋ, ಇನ್ನೂ ಸತ್ತೇ ಇದ್ದೀಯಾ? ಏಳು."

ಚಾಲಕ ಎದ್ದು ನಲ್ಲಿಯ ಕಡೆ ನಡೆದ. ಎಣ್ಣೆ ಹೋಗಲು ಮೂರು ಸಲ ಸೋಪು ಹಾಕಿ ಕೈ ತೊಳೆದ. ಹೆಂಡತಿ ಅಷ್ಟರಲ್ಲಿ ಟ್ರಂಕಿನಿಂದ ಎರಡು ಫೋಟೋ, ಹಳೆಯ ಕಾರ್ಡು, ಮನೆಯ ವಿಳಾಸ ಇರುವ ಕರೆಂಟು ಬಿಲ್ಲು ತಂದಿಟ್ಟಿದ್ದಳು. ಫೋಟೋದಲ್ಲಿ ಅವನು ಹತ್ತು ವರ್ಷ ಚಿಕ್ಕವನಿದ್ದ. "ಇದು ನಡೆಯಲ್ಲ, ಈಗಿನ ಮುಖ ಬೇಕು" ಎಂದಳು ಪೋಸ್ಟ್ ಅಕ್ಕ. ಬೀದಿಯ ಕೊನೆಯಲ್ಲಿದ್ದ ಫೋಟೋ ಅಂಗಡಿಗೆ ಅವನು ಒದ್ದೆ ಕೈಯಲ್ಲೇ ಓಡಿದ. ಹೆಂಡತಿ ಉಳಿದ ಆರು ಮನೆಗೆ ಓಡಿದಳು. ಒಬ್ಬ ಮಲಗಿದ್ದ, ಒಬ್ಬ ಇಸ್ಪೀಟಿಗೆ ಕೂತಿದ್ದ, ಒಬ್ಬ ಮಾವನ ಮನೆಗೆ ಹೊರಟು ಬಸ್ಸಿಗೆ ಕಾಯುತ್ತಿದ್ದ. "ನೀನು ಸತ್ತಿದ್ದೀಯಂತೆ, ಬಾ" ಎಂದು ಎಲ್ಲರನ್ನೂ ಎಬ್ಬಿಸಿ ಕರೆತಂದಳು. ನಾಲ್ಕೂ ಮುಕ್ಕಾಲಿಗೆ ಏಳು ಅರ್ಜಿ, ಜೊತೆಗೆ ಅತ್ತೆಯದು ಒಂದು, ಕಚೇರಿಯ ಮೇಜಿನ ಮೇಲಿದ್ದವು. ಪ್ರತಿಯೊಂದಕ್ಕೂ ಒಂದೊಂದು ರಸೀದಿ ಹರಿದು ಕೊಟ್ಟರು. ಮಾರನೆಯ ದಿನ ನಸುಕಿಗೆ ಗಾಳಿ ನಿಂತಿತ್ತು. ದೋಣಿ ಹೋಯಿತು.

ಹದಿನೈದು ದಿನದ ಮೇಲೆ ಶಾಲೆಯ ಗೋಡೆಗೆ ಹೊಸ ಪಟ್ಟಿ ಅಂಟಿಸಿದರು. ಚಾಲಕನ ಹೆಂಡತಿ ಬೆರಳಿಟ್ಟು ಓದಿ, ಏಳು ಹೆಸರನ್ನೂ ಹುಡುಕಿ ಮನೆಗೆ ಬಂದಳು. ಮಾವನ ಹೆಸರು ಇರಲಿಲ್ಲ. ಅದನ್ನೂ ಅತ್ತೆಗೆ ಹೇಳಿದಳು. ಅತ್ತೆ ಹೂಂ ಎಂದರು.

ಮತದಾನದ ದಿನ ಕಡಲು ಚೆನ್ನಾಗಿತ್ತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯುವ ಮೊದಲೇ ಗಂಡಸರು ಸಾಲಿನಲ್ಲಿದ್ದರು. ಎಂಟೂವರೆಗೆ ದೋಣಿಗಳು ಹೊರಟವು. ಒಂದೂವರೆ ಗಂಟೆಯ ಮೀನು ಹೋಯಿತು ಎಂದು ಚಾಲಕ ಗೊಣಗಿದ, ಆದರೂ ಸಾಲು ಬಿಟ್ಟು ಹೋಗಲಿಲ್ಲ. ಯಾರು ಗೆದ್ದರು ಎಂಬುದು ಈ ಕಥೆಗೆ ಬೇಡ. ಜೆಟ್ಟಿ ಇನ್ನೂ ಒಂಬತ್ತು ಮೈಲಿ ಆಚೆಯೇ ಇದೆ. ಆದರೆ ಗೆದ್ದವರೂ ಸೋತವರೂ ಆ ಬೀದಿಗೆ ಎರಡೆರಡು ಸಲ ಬಂದು, ಕಟ್ಟೆಯ ಮೇಲೆ ಕೂತು, ಎಲ್ಲಿ ಕಟ್ಟಿದರೆ ಅನುಕೂಲ ಎಂದು ಕೇಳಿ ಹೋಗಿದ್ದಾರೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ಕಡಲಿಗೆ ಹೋಗುವವರು ಇಲ್ಲದಿರಬಹುದು. ಲಾರಿ ಓಡಿಸುವವರು ಇರಬಹುದು, ಊರೂರಿಗೆ ಕಟ್ಟಡದ ಕೆಲಸಕ್ಕೆ ಹೋಗುವವರು ಇರಬಹುದು, ಆಸ್ಪತ್ರೆಯ ಪಾಳಿಯಲ್ಲಿರುವವರು ಇರಬಹುದು. ಪಟ್ಟಿ ಹಿಡಿದವರು ಬಾಗಿಲಿಗೆ ಬಂದಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಬೇಡಿ. ಕೆಲಸಕ್ಕೆ ಹೋಗಿದ್ದಾರೆ, ಇಂಥ ದಿನ ಬರುತ್ತಾರೆ, ವೋಟು ಇಲ್ಲೇ ಎಂದು ಪೂರ್ತಿ ಹೇಳಿ. ತೀರಿಕೊಂಡವರಿದ್ದರೆ, ಎಷ್ಟೇ ಕಷ್ಟವಾದರೂ ಅದನ್ನೂ ಹೇಳಿ. ಕಾರ್ಡು ಪೆಟ್ಟಿಗೆಯಲ್ಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ, ಪಟ್ಟಿಯಲ್ಲಿ ಹೆಸರನ್ನು ಕಣ್ಣಾರೆ ನೋಡಿ. ಇಲ್ಲದಿದ್ದರೆ ಕೊನೆಯ ದಿನಕ್ಕೆ ಮೊದಲೇ ಅರ್ಜಿ ಕೊಟ್ಟು ರಸೀದಿ ಇಸಿದುಕೊಳ್ಳಿ. ಅರ್ಜಿಗೆ ಹಣ ಕೊಡಬೇಕಾಗಿಲ್ಲ.

ಈ ಹಾಳೆಯನ್ನು ಮಡಚಿಡುವ ಮೊದಲು ನಿಮ್ಮ ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂದು ಎಣಿಸಿ. ಆಮೇಲೆ ಶಾಲೆಯ ಗೋಡೆಯವರೆಗೆ ನಡೆದು, ಪಟ್ಟಿಯಲ್ಲೂ ಅವರೇ ಇದ್ದಾರೆಯೇ ಎಂದು ನೋಡಿಕೊಂಡು ಬನ್ನಿ.