ತೋರಿಸುವ ಮಣ್ಣು

ಮಣ್ಣು ಪರೀಕ್ಷೆಯ ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮಹಾನುಭಾವ ನುಗ್ಗೇಹಳ್ಳಿ ಸುತ್ತಮುತ್ತ ಕೆಂಪಣ್ಣನೊಬ್ಬನೇ. ಅದೂ ಎಲ್ಲಿ, ಮದುವೆ ಫೋಟೋದ ಪಕ್ಕದಲ್ಲಿ. ಬಂದವರಿಗೆ ಕಾಫಿ ಬರುವ ಮೊದಲೇ ಕಾಗದದ ದರ್ಶನವಾಗುತ್ತಿತ್ತು. ಸಾರಜನಕ ಹೆಚ್ಚು, ರಂಜಕ ಹೆಚ್ಚು, ಪೊಟ್ಯಾಷ್ ಹೆಚ್ಚು. ತನ್ನ ಸೀಬೆ ತೋಟಕ್ಕೆ ಸದ್ಯಕ್ಕೆ ಗೊಬ್ಬರದ ಮಾತೇ ಬೇಡವೆಂದು ಹಾಸನದ ಆಫೀಸಿನಿಂದಲೇ ಬರೆದು ಕಳಿಸಿದ್ದಾರೆ ಎಂದು ಎದೆ ಉಬ್ಬಿಸಿಕೊಂಡು ಹೇಳುತ್ತಿದ್ದ.

ಹೆಂಡತಿ ಅನಸೂಯಮ್ಮನಿಗೆ ಆ ಕಾಗದ ಕಂಡರೆ ಮೈ ಉರಿಯುತ್ತಿತ್ತು. ಅದು ಗೋಡೆಯ ಮೇಲೆ ಮಿರಮಿರನೆ ಮಿಂಚುತ್ತಿದ್ದರೆ, ಮನೆ ಹಿಂದಿನ ಹೊಲದಲ್ಲಿ ಸೀಬೆ ಗಿಡಗಳು ವರ್ಷದಿಂದ ವರ್ಷಕ್ಕೆ ಬಡಕಲಾಗುತ್ತಿದ್ದವು. ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದವು. ಹೂವು ಬಿಟ್ಟರೂ ಹೀಚಿನಲ್ಲೇ ಉದುರುತ್ತಿತ್ತು, ಉಳಿದ ಕಾಯಿ ನಿಂಬೆ ಗಾತ್ರಕ್ಕೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಆ ಗಿಡಗಳು ಅವಳವು. ಬಾಣಂತನ ಮುಗಿಸಿ ಗಂಡನ ಮನೆಗೆ ಕಳಿಸುವಾಗ ಕೊಣನೂರಿನ ಅಪ್ಪ, ತಾನೇ ರೆಂಬೆಗೆ ಗೂಟಿ ಕಟ್ಟಿ ಬೇರು ಬರಿಸಿದ ಸಸಿಗಳನ್ನು ಹಸಿ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದು, ತನ್ನ ಕೈಯಾರೆ ನೆಟ್ಟು ಹೋಗಿದ್ದ. ಅಪ್ಪ ಈಗ ಇಲ್ಲ. ತವರು ಅಂತ ಅವಳಿಗೆ ಉಳಿದಿದ್ದು ಆ ಗಿಡಗಳೇ.

ತಿಪ್ಪೆಗೊಬ್ಬರವೆಲ್ಲ ಗಾಡಿಗಟ್ಟಲೆ ರಸ್ತೆ ಬದಿಯ ತೆಂಗಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಓಡಾಡುವವರ ಕಣ್ಣಿಗೆ ಬೀಳುವುದು ಅದು ತಾನೆ. ಮುಂಗಾರು ಹಿಡಿದು ನೆಲ ಹದವಾದಾಗಲೆಲ್ಲ ಅನಸೂಯಮ್ಮ ಸೀಬೆಗೂ ನಾಲ್ಕು ಮಂಕರಿ ಗೊಬ್ಬರ ಹಾಕಿಸಿ ಎಂದು ಕೇಳಿಕೊಳ್ಳುತ್ತಿದ್ದಳು. ಕೆಂಪಣ್ಣ ಬಾಯಿ ಬಿಡದೆ ಗೋಡೆಯ ಕಡೆ ಬೆರಳು ತೋರಿಸುತ್ತಿದ್ದ. ಈ ಸಲ ಬಾಯನ್ನೂ ಬಿಟ್ಟ. ಮಣ್ಣಿನಲ್ಲಿ ಎಲ್ಲ ಇದೆ, ತಳಿಯೇ ದರಿದ್ರದ್ದು, ನಿಮ್ಮಪ್ಪ ಎಲ್ಲಿಂದ ತಂದನೋ ಎಂದ. ಕಡಿಸಿ ಹಾಕುವುದೆಂದು ತೀರ್ಮಾನಿಸಿ, ಮರ ಕಡಿಯುವ ಚಂದ್ರಯ್ಯನಿಗೆ ಬೆಳಗ್ಗೆ ಬಾ ಎಂದು ಹೇಳಿಯೂ ಕಳಿಸಿದ.

ಅವತ್ತು ಸಂಜೆ ಅಟ್ಟದಿಂದ ಬೆಲ್ಲದ ಡಬ್ಬ ಇಳಿಸಲು ಹೋದವಳ ಕೈಗೆ ಒಂದು ಬಟ್ಟೆ ಚೀಲ ಸಿಕ್ಕಿತು. ಬಾಯಿಗೆ ಕಟ್ಟಿದ್ದ ಚೀಟಿಯಲ್ಲಿ ‘ಸೀಬೆ ತೋಟ’ ಎಂದು ಕೆಂಪಣ್ಣನ ಅಕ್ಷರವಿತ್ತು. ಪರೀಕ್ಷೆಗೆ ಕಳಿಸಿ ಉಳಿದ ಮಣ್ಣು. ಬಿಚ್ಚಿ ಮೊರಕ್ಕೆ ಸುರಿದಳು. ಸೀಬೆ ಹೊಲದ್ದು ಕೆಂಪು ಗರಸು, ಗುದ್ದಲಿ ಹಾಕಿದರೆ ಖಣ್ ಎನ್ನುವಂಥದ್ದು. ಇದು ಕರ್ರಗೆ ಮೆತ್ತಗಿತ್ತು. ಅದರಲ್ಲಿ ಕಡ್ಲೆಕಾಯಿ ಸಿಪ್ಪೆ, ಒಲೆ ಬೂದಿ, ಒಂದು ಕೋಳಿ ಪುಕ್ಕ. ಕೊಟ್ಟಿಗೆ ಹಿಂದಿನ ತಿಪ್ಪೆಯ ಮಗ್ಗುಲಿನ ಮಣ್ಣು. ದಿನಾ ಅಲ್ಲಿ ಸಗಣಿ ಹಾಕುವವಳಿಗೆ ಗೊತ್ತಾಗದೆ ಇರುತ್ತದೆಯೇ?

ಮೊರವನ್ನು ತಂದು ಗಂಡನ ಮುಂದೆ ಇಟ್ಟಳು. ಅವನು ಕದ್ದು ಸಿಕ್ಕಿಬಿದ್ದವನಂತೆ ಮುಖ ಮಾಡಿದ್ದರೂ ಅವಳು ಸಹಿಸುತ್ತಿದ್ದಳೇನೋ. ಅವನು ನಕ್ಕ.

“ಆಪೀಸಿಗೆ ಓಗೋ ಮಣ್ಣು ಕಣೇ ಅದು. ಆ ಗರಸು ತಕ್ಕೊಂಡೋಗಿ ನಾಲ್ಕು ಜನದ ಮುಂದೆ ಮಾನ ಕಳ್ಕಳಾನಾ? ನಿನ್ನ ನೋಡಕ್ಕೆ ನಾವು ಬಂದಾಗ ನಿಮ್ಮವ್ವ ಕೊಟ್ಟಿಗೆ ಬಾಚೋ ಸೀರೇಲೇ ತಂದು ಕೂರ್ಸಿದ್ಲಾ?”

“ಅಂಗಾದ್ರೆ ಗಿಡದ್ದು ತಪ್ಪಿಲ್ಲ ಅಂತ ನಿಮಗೆ ಗೊತ್ತು,” ಎಂದಳು ಅನಸೂಯಮ್ಮ.

“ಗೊತ್ತಿದ್ರೇನೀಗ? ಮಣ್ಣು ಸುಮಾರು ಅಂತ ಈಗ ಯಾವ ಮುಖ ಇಟ್ಕೊಂಡು ಏಳ್ಲಿ? ಊರಿಗೆಲ್ಲ ತೋರಿಸ್ಬುಟ್ಟಿವ್ನಿ. ಗಿಡ ಓದ್ರೆ ಓಯ್ತದೆ.”

ಅವಳಿಗೆ ಅಸಹ್ಯವಾಯಿತು. ಸಿಟ್ಟಾಗಿದ್ದರೆ ಕೂಗಾಡಿ ಹಗುರಾಗುತ್ತಿದ್ದಳು. ಇದು ತುತ್ತಿನಲ್ಲಿ ಕೂದಲು ಸಿಕ್ಕಿದಂತೆ, ಉಗಿದರೂ ನಾಲಿಗೆಯ ಮೇಲೆ ಇದ್ದೇ ಇತ್ತು. ಇಷ್ಟು ವರ್ಷ ಈ ಮನುಷ್ಯನಿಗೆ ಬಡಿಸಿದ್ದು, ಇವನ ಪಕ್ಕದಲ್ಲಿ ಮಲಗಿದ್ದು ನೆನೆದು ಹೇಸಿಕೊಂಡಳು. ಒಂದು ಮಾತು ಒಪ್ಪಿಕೊಳ್ಳುವ ಬದಲು ಸತ್ತವನ ಮೇಲೆ ತಪ್ಪು ಹೊರಿಸಿ ಮರ ಕಡಿಸುವವನು ನಾಳೆ ಇನ್ನೇನು ಕಡಿಸಲಾರ?

ಬೆಳಗ್ಗೆ ಚಂದ್ರಯ್ಯ ಕೊಡಲಿ ಹೊತ್ತು ಬಂದಾಗ ಕೆಂಪಣ್ಣ ಜಗಲಿಯ ಮೇಲೆ ಪಕ್ಕದ ಮನೆ ಪಾಪಯ್ಯನಿಗೆ ಅದೇ ಕಾಗದದ ಹೊಗಳಿಕೆ ಒಪ್ಪಿಸುತ್ತಿದ್ದ. ಅನಸೂಯಮ್ಮ ಬಾಗಿಲಲ್ಲಿ ಬಂದು ನಿಂತಳು. ದನಿ ಎತ್ತರಿಸಲಿಲ್ಲ.

“ಕೊಡಲಿ ಅಲ್ಲಿಡು ಚಂದ್ರಯ್ಯ. ಸೀಬೆ ತ್ವಾಟದ ಮಣ್ಣು ಅದೆಂಗೋ ಕೊಟ್ಟಿಗೆ ಹಿಂದಕ್ಕೆ ಬಂದ್ಬುಟ್ಟದೆ. ತಿಪ್ಪೆ ಸಮೇತ ಎಲ್ಲಾನೂ ವಾಪಸ್ ತ್ವಾಟಕ್ಕೆ ಸಾಗ್ಸು. ಅನುಮಾನ ಇದ್ರೆ ಯಜಮಾನ್ರು ಅಲ್ಲೇ ಕೂತವ್ರೆ. ಪರೀಕ್ಷೆಗೆ ಎಲ್ಲಿ ಅಗೆದ್ರು ಅಂತ ಕೇಳು.”

ಚಂದ್ರಯ್ಯ ಕೆಂಪಣ್ಣನ ಮುಖ ನೋಡಿದ. ಪಾಪಯ್ಯನೂ ನೋಡಿದ. ಕೆಂಪಣ್ಣ ಗೋಡೆಯ ಕಾಗದ ನೋಡಿ, ಆಗಲಿ ಸಾಗಿಸು ಎಂದ.

ತೆಂಗಿಗೆಂದು ಇಟ್ಟ ಗೊಬ್ಬರವೆಲ್ಲ ಸೀಬೆಗೆ ಹೋಯಿತು. ಚಂದ್ರಯ್ಯ ಅದನ್ನು ಬುಡಕ್ಕೇ ರಾಶಿ ಹಾಕಲು ಹೋದಾಗ ಅನಸೂಯಮ್ಮ ತಡೆದು, ಅಪ್ಪ ಹೇಳಿಕೊಟ್ಟಂತೆ ರೆಂಬೆಯ ತುದಿಯ ನೆರಳು ಬೀಳುವ ಕಡೆ ಸುತ್ತಲೂ ಪಾತಿ ತೆಗೆಸಿದಳು, ಉಣ್ಣುವ ಬೇರು ಇರುವುದು ಅಲ್ಲಿ. ಸೊಸೈಟಿಯಿಂದ ಪೊಟ್ಯಾಷ್ ತರಿಸಿ ಜೊತೆಗೆ ಹಾಕಿಸಿದಳು. ತಾಮ್ರ ಬಣ್ಣ ಹೋಗಲೆಂದು ಎಲೆಗೆ ಸತುವಿನ ನೀರು ಹೊಡೆಸಿದಳು. ಮಳೆ ಹಿಂದೆಗೆಯುವ ಮುಂಚೆ ಇನ್ನೊಂದು ಸಲ ಗೊಬ್ಬರ ಕೊಟ್ಟಳು. ಕೆಂಪಣ್ಣ ಆ ಕಡೆ ತಲೆಯೇ ಹಾಕಲಿಲ್ಲ.

ಮರುವರ್ಷದ ಚಳಿಗಾಲಕ್ಕೆ ರೆಂಬೆಗಳು ಕಾಯಿ ಭಾರಕ್ಕೆ ಬಾಗಿದವು. ಅನಸೂಯಮ್ಮ ಅಪ್ಪ ಮೊದಲು ನೆಟ್ಟ ಗಿಡದ ಕೆಳಗೆ ನಿಂತು, ದೋರೆಹಣ್ಣೊಂದನ್ನು ಕಿತ್ತು ಸೆರಗಿಗೆ ಒರೆಸಿ ಕಚ್ಚಿದಳು. ಅಷ್ಟರಲ್ಲಿ ಬೇಲಿಯ ಹತ್ತಿರ ಮಾತು ಕೇಳಿಸಿತು. ಕೆಂಪಣ್ಣ ಚನ್ನರಾಯಪಟ್ಟಣದಿಂದ ಬಂದ ನೆಂಟರನ್ನು ತೋಟಕ್ಕೆ ಕರೆತಂದಿದ್ದ. ಎಲ್ಲಕ್ಕಿಂತ ದಪ್ಪನೆಯ ಹಣ್ಣನ್ನು ಅಂಗೈಲಿ ತೂಗಿ ಅವರಿಗೆ ತೋರಿಸುತ್ತಿದ್ದ.

“ಮಣ್ಣು ಚೆನ್ನಾಗದೆ ಅಂತ ನಾನು ಆವತ್ತಿಂದ ಬಡ್ಕತಿದ್ದೆ. ಯಾರೂ ನಂಬಲಿಲ್ಲ.”

ಹಾಗೆ ಹೇಳಿ ಹೆಂಡತಿಯ ಕಡೆ ನೋಡಿ ನಕ್ಕ. ಅವಳೂ ತಲೆಯಾಡಿಸುತ್ತಾಳೆ ಎಂದು ಕಾದ.

ಅನಸೂಯಮ್ಮ ಬಾಯಲ್ಲಿದ್ದ ತುಂಡನ್ನು ಪಾತಿಗೆ ಉಗಿದಳು. ಕೈಯಲ್ಲಿದ್ದ ಹಣ್ಣನ್ನೂ ಅಲ್ಲೇ ಹಾಕಿ, ಕಾಲಿನಿಂದ ಮಣ್ಣು ಎಳೆದು ಮುಚ್ಚಿದಳು. ಅಪ್ಪನ ಗಿಡಗಳು ಉಳಿದವು. ಅವುಗಳ ಹಣ್ಣು ಮಾತ್ರ ಆಮೇಲೆ ಅವಳ ಗಂಟಲಲ್ಲಿ ಇಳಿಯಲಿಲ್ಲ.