ಕೆಂಪು ನಳ್ಳಿಯ ತಣ್ಣೀರು

ದೋಹಾದ ಅಲ್ ಸದ್ದ್‌ನ ಆ ಫ್ಲ್ಯಾಟಿಗೆ ಬಂದ ಅಪ್ಪಿ ಮೊದಲು ನೋಡಿದ್ದು ಬಚ್ಚಲು. ಹತ್ತಾರು ಬಾಣಂತನ ಮಾಡಿದ ಹೆಂಗಸು. ಜೂನಿನಲ್ಲಿ ಹೆರಲಿದ್ದ ತಂಗಿಯ ಮಗಳು ಯಶ್ಮಿತಾಳಿಗಾಗಿ ಏಪ್ರಿಲಿನಲ್ಲೇ ಲೇಹ್ಯ, ಎಣ್ಣೆ ಕಟ್ಟಿಕೊಂಡು ಉಡುಪಿಯಿಂದ ಬಂದಿದ್ದಳು. ಬಚ್ಚಲಲ್ಲಿ ಕಂಡದ್ದು ತುಕ್ಕು ಹಿಡಿದು ತೊಟ್ಟಿಕ್ಕುವ ಮುದಿ ಗೀಸರ್.

“ಬಿಸಿನೀರಿಲ್ಲದೆ ಎಂಥ ಬಾಣಂತನ ಮಾರಾಯ? ಹೊಸತು ಹಾಕಿಸು,” ಎಂದು ಯಶ್ಮಿತಾಳ ಗಂಡ ಶರಣ್‌ಗೆ ಹೇಳಿದಳು. ನವೆಂಬರಿನಲ್ಲಷ್ಟೇ ದೋಹಾಕ್ಕೆ ಬಂದಿದ್ದ ಅವನಿಗೂ ಹೊಸತೇ ಬೇಕಿತ್ತು. ಟ್ಯಾಂಕಿಲ್ಲದ, ತಿರುಗಿಸಿದ ಕೂಡಲೇ ಬಿಸಿನೀರು ಸುರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಫೋನಿನಲ್ಲಿ ನೋಡಿಟ್ಟಿದ್ದ.

ಕೆಲಸಕ್ಕೆ ಬಂದವನು ಸುರತ್ಕಲ್ಲಿನ ಸರ್ಫರಾಝ್, ಇಂಡಸ್ಟ್ರಿಯಲ್ ಏರಿಯಾದಲ್ಲಿ ಗೀಸರ್ ಮಾರಿ ರಿಪೇರಿ ಮಾಡುವ ಅಂಗಡಿ ಇಟ್ಟವನು. ಗೀಸರನ್ನು ತಟ್ಟಿ ನೋಡಿದ.

“ಹೊಸತು ಮಾರಿದ್ರೆ ನನಗೇ ಲಾಭ. ಆದ್ರೆ ಇದರ ಟ್ಯಾಂಕ್ ಗಟ್ಟಿ ಉಂಟು, ವಾಲ್ವ್ ಮಾತ್ರ ಹೋದದ್ದು. ಮಗು ಬರುವ ಮನೆ, ಇದನ್ನು ತೆಗೀಬೇಡಿ. ಜೂನ್ ಬಂದ ಕೂಡ್ಲೇ ಸ್ವಿಚ್ ಆಫ್ ಮಾಡಿ. ಆಗ ನಿಮಗೆ ತಣ್ಣೀರು ಕೊಡುವುದು ಇದೇ.”

ನೀರು ಕಾಯಿಸುವ ಡಬ್ಬ ತಣ್ಣೀರು ಕೊಡುತ್ತದಂತೆ! ಅಪ್ಪಿಗೆ ಪಿತ್ತ ನೆತ್ತಿಗೇರಿತು. ಅವನು ಆಚೆ ಹೋದದ್ದೇ, “ಹೊಸತು ಕೂರಿಸ್ಲಿಕ್ಕೆ ಬರ್ಲಿಕ್ಕಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದು ಗೊಣಗಿದಳು.

“ಅವರು ಇಲ್ಲಿ ಹದಿನೈದು ಬೇಸಗೆ ಕಂಡವರು ದೊಡ್ಡಮ್ಮ. ರಿಪೇರಿಯೇ ಆಗ್ಲಿ,” ಎಂದಳು ಯಶ್ಮಿತಾ.

ಬಸುರಿಯ ಮಾತನ್ನು ಮೀರುವಂತಿಲ್ಲ. ವಾಲ್ವ್ ಬದಲಾಯಿತು, ಅಪ್ಪಿಯ ಮುಖ ಮಾತ್ರ ಎರಡು ದಿನ ದಪ್ಪಗಿತ್ತು.

ಜೂನಿನಲ್ಲಿ ಹೆಣ್ಣುಮಗು ಹುಟ್ಟಿತು. ಹೊಕ್ಕುಳಬಳ್ಳಿ ಬಿದ್ದ ಮೇಲೆ ಒಂದು ಮಧ್ಯಾಹ್ನ ಮೊದಲ ಎಣ್ಣೆಸ್ನಾನ. ಗೀಸರನ್ನು ನಂಬದ ಅಪ್ಪಿ ಒಲೆಯ ಮೇಲೇ ನೀರು ಕಾಯಿಸಿ ಬಕೆಟಿಗೆ ಸುರಿದಳು. ಕಾಲು ಚಾಚಿ ಕೂತು, ಕೂಸನ್ನು ಮಲಗಿಸಿಕೊಂಡು, ಹದ ಮಾಡಲು ತಣ್ಣೀರಿನ ನೀಲಿ ನಳ್ಳಿ ತಿರುಗಿಸಿದರೆ ಕೈ ಚುರ್ರೆಂದಿತು. ಮುಂಜಾನೆ ಐದಕ್ಕೇ ಮೀಯುತ್ತಿದ್ದ ಅವಳಿಗೆ ಮಧ್ಯಾಹ್ನದ ನಳ್ಳಿಯ ಗುಣ ಗೊತ್ತಿರಲಿಲ್ಲ. ತಾರಸಿಯ ಟ್ಯಾಂಕು ಬೆಳಗಿನಿಂದ ಬಿಸಿಲಲ್ಲಿ ಬೆಂದಿತ್ತು. ಬಕೆಟಿನಲ್ಲೂ ಕುದಿನೀರು, ನಳ್ಳಿಯಲ್ಲೂ ಕುದಿನೀರು. ಎಣ್ಣೆ ಮೆತ್ತಿದ ಕೂಸು ಕಿರುಚತೊಡಗಿತು. ಅಪ್ಪಿ ನಳ್ಳಿ ಮುಚ್ಚಿ ಯಶ್ಮಿತಾಳನ್ನು ಕೂಗಿದಳು.

“ಗೀಸರಿನ ಕೆಂಪು ನಳ್ಳಿ ತಿರುಗಿಸಿ ದೊಡ್ಡಮ್ಮ,” ಎಂದಳು ಬಾಗಿಲಲ್ಲಿ ನಿಂತ ಯಶ್ಮಿತಾ. “ಗೀಸರ್ ಆಫ್ ಮಾಡಿ ವಾರ ಆಯ್ತು.”

ಬಂದದ್ದು ಬಾವಿಯಿಂದ ಆಗಷ್ಟೇ ಸೇದಿದಂಥ ನೀರು. ಮನೆಯೊಳಗಿನ ಏಸಿಯ ತಂಪಿನಲ್ಲಿದ್ದ ಮುದಿ ಗೀಸರ್ ಅದನ್ನು ಹಿಂದಿನ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡು ಕಾದಿತ್ತು. ಟ್ಯಾಂಕಿಲ್ಲದ ಪೆಟ್ಟಿಗೆಯಾಗಿದ್ದರೆ ಒಂದು ಹನಿ ತಣ್ಣೀರೂ ಉಳಿದಿರುತ್ತಿರಲಿಲ್ಲ. ನೀರು ಹದವಾಯಿತು. ಎರಡನೆಯ ಚೊಂಬಿಗೆ ಕೂಸು ಸುಮ್ಮನಾಯಿತು. ಅಪ್ಪಿಯ ಕಣ್ಣು ತುಂಬಿತು.

ನಲವತ್ತನೆಯ ದಿನ, ಮೀಯಿಸಿದವಳಿಗೆ ಕೊಡುವ ಸೀರೆಯನ್ನು ಶರಣ್ ಮುಂದಿಟ್ಟ. ಅಪ್ಪಿ ಮುಟ್ಟಲಿಲ್ಲ.

“ಮೊದ್ಲು ಆ ಸರ್ಫರಾಝ್‌ಗೊಂದು ಅಂಗಿ ತಾ, ಊಟಕ್ಕೆ ಕರಿ. ನಾನು ಬೈದದ್ದು ಅವನಿಗೆ ಗೊತ್ತಿಲ್ಲ, ನನಗೆ ಗೊತ್ತುಂಟಲ್ಲ. ಕೂಸನ್ನು ಮೀಯಿಸಿದ್ದು ನಾನೊಬ್ಳೇ ಅಲ್ಲ ಮಾರಾಯ.”

ಶುಕ್ರವಾರ ಸರ್ಫರಾಝ್ ಬಂದ. ಅಂಗಿ ಕೊಡುವುದಕ್ಕೂ ಮೊದಲು ಅಪ್ಪಿ ಕೂಸನ್ನು ಅವನ ಮಡಿಲಲ್ಲಿಟ್ಟಳು.